ಹಗೇವು ಮತ್ತು ಕಂದೀಲು

ಫೆಬ್ರುವರಿ ತಿಂಗಳು. ಹತ್ತನೆಯ ತರಗತಿಯ ಪರೀಕ್ಷೆ ತಲೆಯ ಮೇಲೆ ಬಂದು ಕೂತಿತ್ತು. ಸಮಾಜ ವಿಜ್ಞಾನದ ಪಾಠಗಳನ್ನು ಹೇಗಾದರೂ ಮುಗಿಸಿಬಿಡಬೇಕೆಂಬ ಆತುರದಲ್ಲಿದ್ದೆ. ಹಲಗೆಯ ಮೇಲೆ ಶಕ್ತಿ ಸಂಪನ್ಮೂಲಗಳು ಎಂದು ಬರೆದು, ಕಲ್ಲಿದ್ದಲು, ಪೆಟ್ರೋಲಿಯಂ ಎಂದು ಸಾಗುತ್ತಿದ್ದವಳು ಮಾತಿನ ಭರದಲ್ಲಿ, "ನಮ್ಮ ಕರ್ನಾಟಕದಾಗ ಎಣ್ಣೆ ಬಾವಿ ಇಲ್ಲ, ಆದರ ಎಣ್ಣೆ ಹುಗದಿಟ್ಟ ಜಾಗ ಎರಡು ಅದಾವ. ಒಂದು ಮಂಗಳೂರು, ಇನ್ನೊಂದು ಉಡುಪಿ ಜಿಲ್ಲಾದ ಪಾದೂರು" ಎಂದುಬಿಟ್ಟೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಎಂದೂ ಬಾಯಿ ಬಿಡದವನು. "ಅಕ್ಕೋರ, ಅವರು ನೆಲದಾಗಿಂದ ತಗದದ್ದನ್ನ ನಾವು ರೊಕ್ಕಾ ಕೊಟ್ಟು ತಂದು ಮತ್ತ ನೆಲದಾಗ ಯಾಕ ಹುಗೀತೀವ್ರಿ?" ಎಂದ. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. ನಾನೂ ನಕ್ಕು, "ಅದು ಪರೀಕ್ಷಾಕ್ಕ ಬರಂಗಿಲ್ಲ, ಕೂಡು" ಎಂದೆ. ಅವನು ಕೂತ. ಗಂಟೆ ಬಾರಿಸಿತು.

ಬಿಇಡಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠವೇ ಮಕ್ಕಳ ಪ್ರಶ್ನೆಯನ್ನು ತಡೆಯಬಾರದು ಎಂಬುದು. ಮೂವತ್ತು ವರ್ಷ ಮಾಸ್ತರಕಿ ಮಾಡಿದ ಮೇಲೂ ಅದನ್ನೇ ತಡೆದು ಮನೆಗೆ ಬಂದಿದ್ದೆ. ಆ ರಾತ್ರಿ ರೊಟ್ಟಿ ಬಡಿಯುವಾಗ ಹುಡುಗನ ಮುಖ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಇನ್ನೊಂದು ಮುಖ ಬಂತು. ಅದು ನಲವತ್ತಾರು ವರ್ಷ ಹಿಂದಿನದು. ಅದನ್ನು ಆಮೇಲೆ ಹೇಳುತ್ತೇನೆ.

ನಿಜ ನೋಡಿದರೆ ಆ ಪ್ರಶ್ನೆಗೆ ಉತ್ತರ ನಮ್ಮ ಸೀಮೆಯವರಿಗೆ ಗೊತ್ತಿರಲೇಬೇಕು. ನಮ್ಮ ಅಜ್ಜಂದಿರೆಲ್ಲ ಬೆಳೆದದ್ದನ್ನು ನೆಲದಲ್ಲಿ ಹುಗಿದಿಟ್ಟವರೇ. ಶಿಗ್ಗಾಂವ ತಾಲೂಕಿನ ಪಡುವಲ ಕಡೆ ಮಸಾರಿ ನೆಲ, ಭತ್ತದ ಸೀಮೆ. ಸವಣೂರಿನ ಕಡೆಗೆ ಸರಿದಂತೆ ಎರಿ ನೆಲ, ಜೋಳದ ಸೀಮೆ. ನನ್ನ ಅವ್ವನ ತವರುಮನೆ ಆ ಜೋಳದ ಸೀಮೆಯಲ್ಲಿ. ಅಲ್ಲಿ ಅಜ್ಜನ ಮನೆಯ ಮುಂದಿನ ಬಯಲಲ್ಲಿ ಎರಡು ಹಗೇವು ಇದ್ದವು. ಈಗಿನ ಮಕ್ಕಳು ಹಗೇವು ಕಂಡಿಲ್ಲ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಗಡಿಗೆಯನ್ನು ನೆಲದಲ್ಲಿ ಹುಗಿದ ಹಾಗೆ. ಗೋಡೆಗೆ ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಕಲ್ಲು ಮುಚ್ಚಿ, ಮಣ್ಣು ಎಳೆದು ಮೆತ್ತಿಬಿಟ್ಟರೆ ಮುಗಿಯಿತು. ಅದರ ಮೇಲೆ ದನ ಕಟ್ಟುತ್ತಿದ್ದರು, ನಾವು ಕುಂಟಲಪಿ ಆಡುತ್ತಿದ್ದೆವು. ಕಳ್ಳ ಬಂದರೂ ಕೆಳಗೆ ಜೋಳ ಇದೆ ಎಂದು ತಿಳಿಯುತ್ತಿರಲಿಲ್ಲ.

ಜೋಳ ಕೆಡದೆ ಇರುವುದಕ್ಕೆ ಕಾರಣವೂ ಸರಳ. ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿದ್ದ ಪ್ರಾಣವಾಯುವನ್ನು ಕಾಳು, ಹುಳ ಎರಡೂ ಸೇರಿ ತೀರಿಸುತ್ತವೆ. ಉಳಿಯುವುದು ಇಂಗಾಲಾಮ್ಲ. ಅದರಲ್ಲಿ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ.

ಎಲ್ಲಿ ಅಂದರಲ್ಲಿ ಹಗೇವು ತೋಡುವಂತಿಲ್ಲ ಎಂಬುದು ಅಜ್ಜನ ದೊಡ್ಡ ವಿದ್ಯೆ. "ಎರಿ ಬ್ಯಾಸಗ್ಯಾಗ ಬಿರಿತೈತಿ, ಮಳಿಗಾಲದಾಗ ಉಬ್ಬತೈತಿ. ಅದನ್ನ ನಂಬಬಾರದು. ಹಗೇವಿಗೆ ಗರಸು ಬೇಕು, ದಿನ್ನಿ ಬೇಕು" ಎನ್ನುತ್ತಿದ್ದ. ಒಂದು ವರ್ಷ ಮಳೆ ಹೆಚ್ಚಾಗಿ ಎರಡನೆಯ ಹಗೇವಿಗೆ ನೀರು ಜಿನುಗಿತು. ತೆಗೆದು ನೋಡಿದರೆ ಗೋಡೆಯ ಕಡೆಯ ಜೋಳವೆಲ್ಲ ಕಪ್ಪಾಗಿ ಮುಗ್ಗಿ ನಾರುತ್ತಿತ್ತು. ಅಜ್ಜ ಆ ವಾಸನೆಯನ್ನು ಮೂಗಿನ ತುದಿಯಿಂದ ಎಳೆದುಕೊಂಡು, "ನೆಲ ಮೋಸ ಮಾಡಲಿಲ್ಲ, ನಾನು ನೆಲ ನೋಡೂದ್ರಾಗ ತಪ್ಪಿದೆ" ಎಂದದ್ದು ನೆನಪಿದೆ.

ಹೀಗಿರುವಾಗ ಎಣ್ಣೆಯನ್ನು ಯಾಕೆ ಹುಗಿಯಬೇಕು ಎಂಬುದಕ್ಕೆ ಉತ್ತರ ಬರಗಾಲ ಎಂಬ ಒಂದೇ ಮಾತು. ನಾನು ಬಿ.ಎ. ಓದುತ್ತಿದ್ದಾಗ, 1990ರ ಆಗಸ್ಟಿನಲ್ಲಿ, ಇರಾಕ್ ದೇಶವು ಕುವೈತಿನ ಮೇಲೆ ಏರಿಹೋಯಿತು. ಎಲ್ಲಿಯ ಕುವೈತು, ಎಲ್ಲಿಯ ಶಿಗ್ಗಾಂವ! ಆದರೆ ನಮ್ಮ ಓಣಿಯಲ್ಲಿ ಚಿಮಣಿ ಎಣ್ಣೆಯ ಡಬ್ಬಿಗಳ ಸಾಲು ಉದ್ದವಾಯಿತು. ಡಬ್ಬಿಯನ್ನು ಸಾಲಿನಲ್ಲಿಟ್ಟು, ಅದರ ಮೇಲೊಂದು ಕಲ್ಲಿಟ್ಟು, ನಾನು ಪುಸ್ತಕ ಹಿಡಿದು ಕೂಡುತ್ತಿದ್ದೆ. ಮನೆಯಲ್ಲಿ ಒಲೆಗೆ ಕಟ್ಟಿಗೆ, ಓದಲಿಕ್ಕೆ ಕಂದೀಲು, ಕಂದೀಲಿಗೆ ಎಣ್ಣೆ ಇಲ್ಲ. ಮರುವರ್ಷ, 1991ರಲ್ಲಿ, ದೇಶವು ತನ್ನ ಬಂಗಾರವನ್ನು ಹೊರಗಿಟ್ಟು ಸಾಲ ತಂದಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಎಣ್ಣೆಯ ಬೆಲೆಯೂ ಅದರಲ್ಲೊಂದು.

ಅಮೇರಿಕೆಗೆ ಈ ಬಿಸಿ ನಮಗಿಂತ ಮೊದಲೇ ತಟ್ಟಿತ್ತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಕೊಡುವುದನ್ನು ನಿಲ್ಲಿಸಿದಾಗ ಅಲ್ಲಿ ಕಾರುಗಳು ಸಾಲುಗಟ್ಟಿ ನಿಂತವು. 1975ರಲ್ಲಿ ಅವರು ಕಾನೂನು ಮಾಡಿ ಎಣ್ಣೆಯ ಹಗೇವು ತೋಡಲು ಹೊರಟರು. ಅವರು ಆರಿಸಿದ ನೆಲ ಟೆಕ್ಸಾಸ್ ಮತ್ತು ಲೂಸಿಯಾನಾ ರಾಜ್ಯಗಳ ಸಮುದ್ರದಂಚಿನ ಉಪ್ಪು. ಅಲ್ಲಿ ಭೂಮಿಯ ಆಳದಿಂದ ಉಪ್ಪಿನ ಗುಡ್ಡಗಳು ಮೇಲಕ್ಕೆ ಚಾಚಿಕೊಂಡಿವೆ. ಅವುಗಳೊಳಗೆ ಎಣ್ಣೆ ತುಂಬಿದ್ದಾರೆ.

ಮರುದಿನ ತರಗತಿಗೆ ಹೋದವಳೇ ಇದನ್ನೆಲ್ಲ ಹೇಳಿದೆ. ಹುಡುಗನ ಮುಖ ಅರಳಿತು. ಆದರೆ ಅವನು ಸುಮ್ಮನಾಗಲಿಲ್ಲ. "ಉಪ್ಪು ನೀರಾಗ ಕರಗತೈತಲ್ರಿ?" ಎಂದ. ಈ ಸಲ ಯಾರೂ ನಗಲಿಲ್ಲ.

ಕರಗುತ್ತದೆ. ಅದೇ ಅದರ ಗುಣ, ಅದೇ ಅದರ ದೋಷ. ಉಪ್ಪಿನ ಗುಡ್ಡಕ್ಕೆ ಕೊಳವೆ ಇಳಿಸಿ ಸಿಹಿನೀರು ಬಿಟ್ಟರೆ ಉಪ್ಪು ಕರಗಿ ಒಳಗೆ ಪೊಳ್ಳಾಗುತ್ತದೆ; ಗುದ್ದಲಿ ಇಲ್ಲದೆ ಗುಹೆ ಆಯಿತು. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಆಳದ ಒತ್ತಡದಲ್ಲಿ ಉಪ್ಪು ಗಟ್ಟಿಕಲ್ಲಿನ ಹಾಗೆ ಇರದೆ ಹಿಟ್ಟಿನ ಕಣಕದ ಹಾಗೆ ಮೆಲ್ಲಗೆ ಸರಿಯುತ್ತದೆ. ಸಣ್ಣ ಬಿರುಕು ಬಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಹೀಗಾಗಿ ಎಣ್ಣೆಗೆ ಇದಕ್ಕಿಂತ ಒಳ್ಳೆಯ ಗಡಿಗೆ ಇಲ್ಲ ಎನ್ನುತ್ತಾರೆ. ಆದರೆ ಆ ಸರಿದಾಟದಿಂದಲೇ ಗುಹೆ ವರ್ಷ ವರ್ಷಕ್ಕೆ ಕಿರಿದಾಗುತ್ತದೆ. ಎಣ್ಣೆ ಹೊರತೆಗೆಯಲು ಕೆಳಗಿನಿಂದ ಸಿಹಿನೀರು ನುಗ್ಗಿಸಿದರೆ ಉಪ್ಪು ಮತ್ತಷ್ಟು ಕರಗಿ ಗುಹೆ ಹಿಗ್ಗುತ್ತದೆ. ಅದಕ್ಕಾಗಿ ಸುಮಾರು ಐದು ಸಲ ತೆಗೆದು ತುಂಬಬಹುದೆಂಬ ಲೆಕ್ಕದ ಮೇಲೆ ಅವನ್ನು ಮಾಡಿದ್ದಾರೆ.

ಇದು ಹೊಸದಾಗಿ ಕರಗಿಸಿ ಮಾಡಿದ ಗುಹೆಯ ಮಾತಾಯಿತು. ಹಳೆಯ ಉಪ್ಪಿನ ಗಣಿಯ ಕಥೆ ಬೇರೆ. ಲೂಸಿಯಾನಾದ ವೀಕ್ಸ್ ಐಲ್ಯಾಂಡ್ ಎಂಬಲ್ಲಿ ಮನುಷ್ಯರು ಕಡಿದು ಕಡಿದು ಮಾಡಿದ ಉಪ್ಪಿನ ಗಣಿಯಿತ್ತು. ನಡುವೆ ಉಪ್ಪಿನದೇ ಕಂಬ ಬಿಟ್ಟು, ಸುತ್ತ ಕೋಣೆ ಕಡಿದ ಗಣಿ. ಸರಕಾರ ಅದನ್ನು ಕೊಂಡು ಸುಮಾರು 7 ಕೋಟಿ ಬ್ಯಾರೆಲ್ ಎಣ್ಣೆ ತುಂಬಿತು. ತೋಡಿದವರು ಉಪ್ಪಿಗಾಗಿ ತೋಡಿದ್ದರೇ ಹೊರತು ಎಣ್ಣೆಗಾಗಿ ಅಲ್ಲ. ಗಣಿ ಮೇಲ್ಮೈಗೆ ಹತ್ತಿರವಿತ್ತು, ಅಂಚುಗಳು ಉಪ್ಪಿನ ನೆತ್ತಿಗೆ ಸಮೀಪವಿದ್ದವು. ಪೊಳ್ಳಾದ ಉಪ್ಪು ಮೆಲ್ಲಗೆ ಜಗ್ಗಿದಾಗ ಅಂಚಿನಲ್ಲಿ ಸೀಳು ಬಿತ್ತು. ಆ ಸೀಳಿನಲ್ಲಿ ಅಂತರ್ಜಲ ಇಳಿಯಿತು, ಇಳಿದ ನೀರು ಉಪ್ಪು ತಿಂದಿತು. 1992ರ ಮೇ ತಿಂಗಳಲ್ಲಿ ಮೇಲಿನ ನೆಲದಲ್ಲಿ ಒಂದು ಕುಸಿದ ಗುಂಡಿ ಕಂಡಿತು. ಹತ್ತು ಮೀಟರಿನಷ್ಟು ಅಗಲ, ಅಷ್ಟೇ.

ಅಷ್ಟೇ ಎಂದು ಅವರು ಬಿಡಲಿಲ್ಲ. ತೂತು ಕೊರೆದು ನೋಡಿದರು, ಅಳೆದರು. ಸಿಹಿನೀರು ಉಪ್ಪು ತಿನ್ನುತ್ತದೆ, ಆದರೆ ತಿಂದು ಹೊಟ್ಟೆ ತುಂಬಿದ ಉಪ್ಪುನೀರು ತಿನ್ನಲಾರದು. ಅದಕ್ಕೆ ಗುಂಡಿಯ ಗಂಟಲಿಗೆ ಗಡಸು ಉಪ್ಪುನೀರು ಬಿಟ್ಟರು. ಸುತ್ತಲ ಮಣ್ಣನ್ನು ಹೆಪ್ಪುಗಟ್ಟಿಸಿ ಮಂಜಿನ ಗೋಡೆ ಕಟ್ಟಿದರು. 1994ರ ಕೊನೆಗೆ ಈ ಜಾಗ ಬೇಡ ಎಂದು ತೀರ್ಮಾನಿಸಿ, 1995–96ರಲ್ಲಿ ಎಣ್ಣೆಯನ್ನೆಲ್ಲ ಬೇರೆ ಗುಹೆಗಳಿಗೆ ಸಾಗಿಸಿ, ಗಣಿಗೆ ಉಪ್ಪುನೀರು ತುಂಬಿ, 1999ರ ಹೊತ್ತಿಗೆ ಮುಚ್ಚಿಬಿಟ್ಟರು.

ಅವರು ಹೆದರಿದ್ದಕ್ಕೆ ಕಾರಣವಿತ್ತು. ಅದೇ ಸೀಮೆಯಲ್ಲಿ ಪೆನ್ಯೂರ್ ಎಂಬ ಕೆರೆ ಇದೆ. ಅದರ ಕೆಳಗೂ ಉಪ್ಪಿನ ಗಣಿ ಇತ್ತು. 1980ರ ನವೆಂಬರ್ 20ರಂದು ಎಣ್ಣೆ ಹುಡುಕುವವರು ಕೆರೆಯಲ್ಲಿ ಕೊರೆದ ತೂತು ಗಣಿಗೆ ತಾಗಿತು. ಕೆರೆಗೆ ಕೆರೆಯೇ ಗಣಿಯೊಳಗೆ ಇಳಿಯಿತು. ಹನ್ನೊಂದು ದೊಡ್ಡ ದೋಣಿಗಳು ಸುಳಿಯಲ್ಲಿ ಮುಳುಗಿದವು. ಸಮುದ್ರಕ್ಕೆ ಹರಿಯುತ್ತಿದ್ದ ಕಾಲುವೆ ಹಿಂದೆ ತಿರುಗಿ ಕೆರೆಗೆ ಹರಿಯಿತು. ಗಣಿಯಲ್ಲಿದ್ದ ಐವತ್ತರಷ್ಟು ಜನ ಎಲ್ಲರೂ ಬದುಕಿ ಹೊರಬಂದರು. ಮತ್ತೆ 2012ರ ಆಗಸ್ಟಿನಲ್ಲಿ ಅದೇ ರಾಜ್ಯದ ಬಾಯೂ ಕಾರ್ನ್ ಎಂಬ ಊರಿನ ಹತ್ತಿರ, ಉಪ್ಪಿನ ಗುಡ್ಡದ ಹೊರ ಅಂಚಿಗೆ ತೀರ ಹತ್ತಿರವಾಗಿ ತೋಡಿದ್ದ ಗುಹೆಯ ಪಕ್ಕದ ಗೋಡೆ ಒಡೆದು ದೊಡ್ಡ ಕುಳಿ ಬಾಯಿ ತೆರೆಯಿತು. ಊರಿನ ಜನ ಮನೆ ಬಿಡಬೇಕಾಯಿತು. ಅದು ಎಣ್ಣೆಯ ಗುಹೆಯಲ್ಲ, ಉಪ್ಪುನೀರು ತೆಗೆಯುವ ಗುಹೆ. ಆದರೆ ಪಾಠ ಒಂದೇ. ಅಂಚು ಎಲ್ಲಿದೆ ಎಂದು ತಿಳಿಯದೆ ತೋಡಬಾರದು.

"ನಮ್ಮಲ್ಲಿ ಉಪ್ಪಿನ ಗಣಿ ಇಲ್ಲೇನ್ರಿ?" ಎಂದು ಒಬ್ಬಳು ಕೇಳಿದಳು. ನಮ್ಮ ಕರ್ನಾಟಕದ ಉಪ್ಪು ಎಂದರೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರದ್ದು, ಸಮುದ್ರದ ನೀರು ಬಿಸಿಲಿಗೆ ಒಣಗಿ ಆದದ್ದು. ನೆಲದಾಳದ ಉಪ್ಪು ಇರುವುದು ರಾಜಸ್ಥಾನದಲ್ಲಿ. ಬಿಕಾನೇರ್ ಕಡೆ ಅಂಥ ಉಪ್ಪಿನಲ್ಲಿ ಎಣ್ಣೆ ಇಡುವ ಯೋಜನೆಯ ಮಾತು ಬಹಳ ದಿನಗಳಿಂದ ಇದೆ. ನಮ್ಮ ಕರಾವಳಿಗೆ ದೇವರು ಕೊಟ್ಟದ್ದು ಗಟ್ಟಿಕಲ್ಲು. ಮೇಲೆ ಮುರಕಲ್ಲಿನ ಪದರು, ಅದರ ಕೆಳಗೆ ಬಹು ಹಳೆಯ ಪದರುಗಲ್ಲು ಮತ್ತು ಗ್ರಾನೈಟು. ಆ ಕಲ್ಲಿನ ಹೊಟ್ಟೆಯೊಳಗೆ ಮಂಗಳೂರಿನಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಎಣ್ಣೆ ಹಿಡಿಯುವ ಗುಹೆಗಳಿವೆ. ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ನಿನದು ಇನ್ನೊಂದು. ಮೂರೂ ಸೇರಿದರೆ ದೇಶಕ್ಕೆ ಒಂಬತ್ತೂವರೆ ದಿನದ ಎಣ್ಣೆ. 2019ರ ಫೆಬ್ರುವರಿ 10ರಂದು ಪ್ರಧಾನಿಗಳು ನಮ್ಮ ಹುಬ್ಬಳ್ಳಿಗೆ ಬಂದಾಗ ಮಂಗಳೂರು ಮತ್ತು ಪಾದೂರಿನ ಈ ಗುಹೆಗಳನ್ನು ಅಲ್ಲಿಂದಲೇ ದೇಶಕ್ಕೆ ಸಮರ್ಪಿಸಿದರು. ನಮ್ಮೂರಿನಿಂದಲೂ ಜನ ಬಸ್ಸು ಹತ್ತಿ ಹೋಗಿದ್ದರು. 2020ರಲ್ಲಿ ಕೊರೋನಾದ ಕಾಲಕ್ಕೆ ಎಣ್ಣೆಯ ಬೆಲೆ ನೆಲಕಚ್ಚಿದಾಗ ಇವನ್ನೆಲ್ಲ ತುಂಬಿಸಿ ಐದು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಉಳಿಸಿದೆವೆಂದು ಸರಕಾರ ಲೆಕ್ಕ ಕೊಟ್ಟಿತು. ಸುಗ್ಗಿಯಲ್ಲಿ ಅಗ್ಗವಾದಾಗ ಜೋಳ ಹಗೇವಿಗೆ ಹಾಕಿದ ಅಜ್ಜನ ಬುದ್ಧಿಯೇ ಅದು.

ಕಲ್ಲಿನ ಗುಹೆಯಲ್ಲಿ ನನಗೆ ಬಹಳ ಸೋಜಿಗ ಎನಿಸಿದ್ದು ನೀರಿನ ಪಾತ್ರ. ಅಜ್ಜನ ಹಗೇವಿಗೆ ನೀರು ವೈರಿ, ಉಪ್ಪಿನ ಗಣಿಗೂ ವೈರಿ. ಆದರೆ ಪಾದೂರಿನಲ್ಲಿ ನೀರೇ ಕಾವಲುಗಾರ. ಆ ಗುಹೆಗಳಿಗೆ ಒಳಗೆ ಉಕ್ಕಿನ ತಗಡಿಲ್ಲ, ಬರಿ ಕಲ್ಲು. ಎಂಥ ಕಲ್ಲಿಗೂ ಕೂದಲೆಳೆಯ ಬಿರುಕು ಇದ್ದೇ ಇರುತ್ತದೆ. ಅದಕ್ಕೆ ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ಬಹಳ ಕೆಳಗೆ ತೋಡಿ, ಅದರ ಮೇಲೆ ಸಣ್ಣ ಸುರಂಗ ಕೊರೆದು, ಸಾಲಾಗಿ ತೂತು ಹೊಡೆದು, ಸದಾ ನೀರು ತುಂಬಿಟ್ಟಿರುತ್ತಾರೆ. ಬಿರುಕುಗಳಲ್ಲಿ ನೀರು ಗುಹೆಯ ಕಡೆಗೆ ಒತ್ತುತ್ತಿರುತ್ತದೆ; ಎಣ್ಣೆಗೆ ಹೊರಗೆ ಬರಲು ದಾರಿ ಸಿಗುವುದಿಲ್ಲ. ಒಳಗೆ ಜಿನುಗಿದ ನೀರು ಎಣ್ಣೆಯ ತಳಕ್ಕೆ ಇಳಿಯುತ್ತದೆ, ಅದನ್ನು ಪಂಪು ಎತ್ತಿ ಹಾಕುತ್ತದೆ. ನಾವು ತಿನಿಸಿನ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಟ್ಟು ಇರುವೆ ತಡೆಯುವುದಿಲ್ಲವೆ, ಹಾಗೆ. ಬಟ್ಟಲು ಒಣಗಿತೆಂದರೆ ಇರುವೆ ಹತ್ತಿತು.

ಅಪಾಯ ಇರುವುದೂ ಅಲ್ಲೇ. ಕಲ್ಲಿನ ನಡುವೆ ಬೇರೆ ಜಾತಿಯ ಕಪ್ಪುಕಲ್ಲು ಗೋಡೆಯಂತೆ ನುಗ್ಗಿರುತ್ತದೆ. ಆ ಸಂದಿಯಲ್ಲಿ ನೀರು ಹೆಚ್ಚು ಓಡುತ್ತದೆ. ಅಲ್ಲಿ ಸಿಮೆಂಟು ಒತ್ತಿ ಮುಚ್ಚಬೇಕು. ಸಡಿಲ ಕಲ್ಲಿಗೆ ಕಬ್ಬಿಣದ ಸರಳು ಹೊಡೆದು ಹಿಡಿಯಬೇಕು. ಇದೆಲ್ಲ ಕಟ್ಟುವಾಗಿನ ಕೆಲಸ, ಒಮ್ಮೆ ಮಾಡಿದರೆ ಆಯಿತು. ಆದರೆ ನೀರಿನ ಕಾವಲು ಒಂದು ದಿನವೂ ತಪ್ಪುವಂತಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಕರಾವಳಿಯ ಮುರಕಲ್ಲಿನ ಬಾವಿಗಳು ಕೆಳಗಿಳಿಯುತ್ತವೆ. ಆಗಲೂ ಕೆಳಗಿನ ನೀರಿನ ಒತ್ತಡ ತಪ್ಪದಂತೆ ನೋಡಿಕೊಳ್ಳಬೇಕು. ಐವತ್ತು ವರ್ಷದ ಮೇಲೆ, ಈಗಿನ ಇಂಜಿನಿಯರರೆಲ್ಲ ಹೋದ ಮೇಲೂ ನೋಡಿಕೊಳ್ಳಬೇಕು.

ಇದು ನನಗೆ ಬರೀ ಪಾಠದ ವಿಷಯವಲ್ಲ. ನನ್ನ ತಂಗಿ ನರ್ಸಿಂಗ್ ಓದಲು ಉಡುಪಿಯ ಕಡೆ ಹೋದವಳು ಅಲ್ಲಿಯೇ ಮದುವೆಯಾಗಿ ಕಾಪುವಿನ ಸೀಮೆಯ ಒಂದು ಹಳ್ಳಿಯಲ್ಲಿ ನೆಲೆಸಿದಳು. ಅಡಿಕೆ, ತೆಂಗು, ಹಿತ್ತಲಲ್ಲಿ ಕಲ್ಲು ಕಟ್ಟಿದ ಬಾವಿ. 2021ರಲ್ಲಿ ಕೇಂದ್ರ ಸರಕಾರ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಎರಡನೆಯ ಹಂತಕ್ಕೆ ಒಪ್ಪಿಗೆ ಕೊಟ್ಟ ಸುದ್ದಿ ಬಂದ ಮೇಲೆ ಅವಳು ಫೋನಿನಲ್ಲಿ ಅದನ್ನೇ ಮಾತಾಡುತ್ತಿದ್ದಳು. ಹೋದ ಬೇಸಿಗೆಗೆ ಅವಳ ಮನೆಗೆ ಹೋಗಿದ್ದಾಗ ಸಂಜೆ ಬಾವಿಕಟ್ಟೆಯ ಮೇಲೆ ಕೂತು ಕೇಳಿದಳು: "ಅಕ್ಕಾ, ನೀನು ಓದಿದಾಕಿ. ದೇಶಕ್ಕ ಬೇಕು ಅಂತಾರ, ಬ್ಯಾಡ ಅನ್ನಾಕ ನಾ ಯಾರು? ಆದರ ನಾಳೆ ಈ ಬಾವಿ ನೀರು ಇಳದ್ರ, ಇಲ್ಲಾ ವಾಸನಿ ಬಂದ್ರ, ಯಾರಿಗೆ ಕೇಳ್ಬೇಕು? ಅವರು ಬ್ಯಾಸಗಿ ಅದಕ್ಕ ಇಳದೈತಿ ಅಂದ್ರ ನಾ ಏನನ್ಲಿ?"

ಅವಳು ಹಾಗೆ ಅಂದ ಕೂಡಲೇ ನನ್ನ ಎದೆ ಝಲ್ಲೆಂದಿತು. ಆ ಮಾತಿನ ಅಕ್ಕನಂಥ ಇನ್ನೊಂದು ಮಾತನ್ನು ನಾನು ಒಂಬತ್ತು ವರ್ಷದವಳಿದ್ದಾಗ ಕೇಳಿದ್ದೆ.

1979ರ ಮುಂಗಾರು ಹಿಡಿಯುವ ಮುಂಚೆ. ಮನೆಯ ಜೋಳ ತೀರಿತ್ತು, ಹಗೇವು ತೆಗೆಯಬೇಕಿತ್ತು. ಅಜ್ಜನ ಕಟ್ಟಳೆ ಹೀಗೆ: ಸಂಜೆ ಕಲ್ಲು ಸರಿಸಿ ಇರುಳೆಲ್ಲ ಬಾಯಿ ತೆರೆದಿಡಬೇಕು. ಮುಂಜಾನೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಕಂದೀಲು ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಇಳಿಯಬಾರದು. ಆ ದಿನ ಅಜ್ಜ ಸವಣೂರಿನ ಸಂತೆಗೆ ಹೋಗಿದ್ದ. ಚಕ್ಕಡಿ ಬಂದು ನಿಂತಿತ್ತು, ಮೋಡ ಕಟ್ಟಿತ್ತು. ಅವ್ವನ ಕಿರಿಯ ತಮ್ಮ, ನಮ್ಮ ಸಣ್ಣಮಾವ, ಕಲ್ಲು ಸರಿಸಿ ಸ್ವಲ್ಪ ಹೊತ್ತು ಕಾದು ಕಂದೀಲು ಇಳಿಬಿಟ್ಟ. ಕಡ್ಡಿಪೆಟ್ಟಿಗೆ ನನ್ನ ಕೈಯಲ್ಲಿತ್ತು. ನಾನು ಬಗ್ಗಿ ನೋಡಿದೆ. ಎರಡು ಮೊಳ ಇಳಿದ ಮೇಲೆ ಕುಡಿ ಸಣ್ಣಗಾಗಿ, ನೀಲಿಯಾಗಿ, ಆರಿಹೋಯಿತು. ಮಾವ ಮೇಲೆಳೆದು ನೋಡಿ, "ಗಾಳಿಗೆ ಆರೇತಿ" ಎಂದ.

ಹಗೇವಿನೊಳಗೆ ಎಲ್ಲಿಯ ಗಾಳಿ? ಈ ಪ್ರಶ್ನೆ ನನ್ನ ಬಾಯಿಯವರೆಗೆ ಬಂದಿತ್ತು. ದೊಡ್ಡವರ ಮುಂದೆ ಮಾತಾಡಬಾರದು ಎಂದು ನುಂಗಿದೆ. ಮಾವ ಹಗ್ಗ ಹಿಡಿದು ಇಳಿದ. ಮತ್ತೆ ಹತ್ತಲಿಲ್ಲ. ಅವನನ್ನು ಎತ್ತಲು ಇಳಿಯಹೊರಟವರನ್ನು ಓಣಿಯ ಮುದುಕಿಯೊಬ್ಬಳು ಅಡ್ಡಬಿದ್ದು ತಡೆದದ್ದರಿಂದ ಒಂದೇ ಜೀವ ಹೋಯಿತು. ಅವನಿಗೆ ಇಪ್ಪತ್ತೆರಡು ವರ್ಷ. ಅಜ್ಜ ಆ ವರ್ಷವೇ ಎರಡೂ ಹಗೇವಿಗೆ ಮಣ್ಣು ತುಂಬಿಸಿದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಇಷ್ಟು ವರ್ಷ ನಾನೂ ಯಾರಿಗೂ ಹೇಳಿರಲಿಲ್ಲ.

ತಂಗಿಗೆ ಆ ಸಂಜೆ ಹೇಳಿದೆ. ಅವಳು ಆಗ ತೊಟ್ಟಿಲಲ್ಲಿದ್ದಳು, ಮಾವನ ಮುಖವನ್ನೂ ಕಂಡವಳಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ನಮಗ ಕಂದೀಲು ಯಾವುದು?" ಎಂದು ಕೇಳಿದಳು.

ನಾನು ಭೂಗರ್ಭಶಾಸ್ತ್ರ ಓದಿದವಳಲ್ಲ. ಕಲ್ಲಿನ ಗುಹೆಗಳು ಬೇಡ ಎನ್ನುವವಳೂ ಅಲ್ಲ. ಚಿಮಣಿ ಎಣ್ಣೆಯ ಸಾಲಿನಲ್ಲಿ ನಿಂತವಳಿಗೆ ಬರಗಾಲದ ಗಂಟು ಬೇಡವೆನ್ನಲು ಬಾಯಿ ಬರುವುದಿಲ್ಲ. ಆದರೆ ನೆಲದ ಅಪಾಯಕ್ಕಿಂತ ದೊಡ್ಡ ಅಪಾಯ "ಗಾಳಿಗೆ ಆರೇತಿ" ಎಂಬ ಮಾತಿನಲ್ಲಿದೆ ಎಂಬುದು ನನಗೆ ಗೊತ್ತು. ವೀಕ್ಸ್ ಐಲ್ಯಾಂಡಿನವರು ಹತ್ತು ಮೀಟರಿನ ಗುಂಡಿ ನೋಡಿ ಏಳು ಕೋಟಿ ಬ್ಯಾರೆಲ್ಲಿನ ಹಗೇವನ್ನೇ ಬರಿದು ಮಾಡಿದರು. ಖರ್ಚಾಯಿತು, ನಿಜ. ಆದರೆ ಕಂದೀಲು ಆರಿದ್ದಕ್ಕೆ ಗಾಳಿಯ ಹೆಸರು ಹೇಳಲಿಲ್ಲ. ಇಂಥ ಗುಹೆಗಳ ಸುತ್ತ ನೀರಿನ ಮಟ್ಟ ಅಳೆಯುವ ಕೊಳವೆಗಳಿರುತ್ತವೆ. ಅವೇ ಅಲ್ಲಿಯ ಕಂದೀಲು. ಆ ಅಳತೆ ಗುಹೆ ಕಾಯುವವರಿಗೆ ಮಾತ್ರವಲ್ಲ, ಮೇಲೆ ಮನೆ ಕಟ್ಟಿಕೊಂಡವರಿಗೂ ಪ್ರತಿ ತಿಂಗಳು ಗೊತ್ತಾಗಬೇಕು. ಪಂಚಾಯಿತಿಯ ಗೋಡೆಯ ಮೇಲೆ ಬರೆದರೂ ಸಾಕು.

ಅದು ಬರುವವರೆಗೆ ನಮ್ಮ ಕಂದೀಲು ನಾವೇ ಕಟ್ಟಿಕೊಳ್ಳೋಣ ಎಂದು ತಂಗಿಗೆ ಹೇಳಿದೆ. ಮರುದಿನ ಮುಂಜಾನೆ ಇಬ್ಬರೂ ಕೂತು ಹೊಸ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿದೆವು. ಪ್ರತಿ ತಿಂಗಳ ಒಂದನೆಯ ತಾರೀಕು ಹಗ್ಗ ಇಳಿಬಿಟ್ಟು ಎಷ್ಟನೆಯ ಗಂಟಿಗೆ ನೀರು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ನೀರಿನ ಬಣ್ಣ, ವಾಸನೆಯನ್ನೂ ಬರೆಯಬೇಕು. ಹಳೆಯ ಕ್ಯಾಲೆಂಡರ್ ರದ್ದಿಗೆ ಹಾಕಬಾರದು. ಬೇಸಿಗೆಗೆ ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟವರಿಗೆ, ಬೇಸಿಗೆಯಲ್ಲದ್ದಕ್ಕೆ ಇಳಿದರೆ ತಿಳಿಯುತ್ತದೆ. ಆಗ ಕೇಳಲು ಬಾಯಿ ಬರುತ್ತದೆ. ಅವಳ ಓರಗಿತ್ತಿಯೂ, ಪಕ್ಕದ ಮನೆಯವರೂ ಈಗ ಹಗ್ಗಕ್ಕೆ ಗಂಟು ಹಾಕಿದ್ದಾರಂತೆ.

ಹಿಂದಿನ ಬೆಂಚಿನ ಹುಡುಗನಿಗೆ ಇದನ್ನೆಲ್ಲ ಹೇಳಿದೆ, ಮಾವನ ಸಂಗತಿಯೊಂದನ್ನು ಬಿಟ್ಟು. "ಅವತ್ತು ಕೂಡು ಅಂದದ್ದು ನನ್ನ ತಪ್ಪು. ಅನುಮಾನ ಬಂದ್ರ ಎದ್ದು ನಿಲ್ಲು" ಎಂದೆ. ಅವನು ಎದ್ದೇ ನಿಂತ. "ಅಕ್ಕೋರ, ಒಂಬತ್ತೂವರಿ ದಿನಕ್ಕ ಇಷ್ಟೆಲ್ಲ ಬೇಕೇನ್ರಿ?" ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ ಗಂಟೆ ಬಾರಿಸಿದ್ದು ನಮಗ್ಯಾರಿಗೂ ಕೇಳಿಸಲಿಲ್ಲ.

ಒಂದನೆಯ ತಾರೀಕಿಗೆ ತಂಗಿಯ ಫೋನು ಬಂತು. "ಅಕ್ಕಾ, ಹನ್ನೊಂದನೇ ಗಂಟಿಗೆ ನೀರು. ತಿಳಿಯಾಗಿ ಐತಿ. ಬರಕೊಂಡೇನಿ" ಎಂದಳು. ನಾನೂ ನನ್ನ ಕ್ಯಾಲೆಂಡರಿನಲ್ಲಿ ಬರೆದುಕೊಂಡೆ.